ಆನ್‌ಲೈನ್ ಹಬ್ಬದ ಮಾರಾಟ: ದಾವಣಗೆರೆ–ಚಿತ್ರದುರ್ಗದ ಮನೆಗಳ ಖರ್ಚು ಹೆಚ್ಚಿದೆಯೇ, ದಾರಿ ಬದಲಿಸಿದೆಯೇ?

ವಿದ್ಯಾನಗರ ನಿವಾಸಿ

ಸದಸ್ಯರಿಗೆಲ್ಲ ನಮಸ್ಕಾರ. ದೊಡ್ಡ ಆನ್‌ಲೈನ್ ಕಂಪನಿಗಳು ಪ್ರತಿವರ್ಷ ಹಬ್ಬದ ಮಾರಾಟ ಮುಗಿಯುತ್ತಿದ್ದಂತೆ ದಾಖಲೆಯ ವಹಿವಾಟು ನಡೆಯಿತೆಂದು ಹೇಳಿಕೊಳ್ಳುತ್ತವೆ. ಹೊಸ ಗ್ರಾಹಕರಲ್ಲಿ ಹೆಚ್ಚಿನವರು ಸಣ್ಣ ಊರುಗಳವರೆಂದೂ ಸೇರಿಸುತ್ತವೆ. ಅವರ ಲೆಕ್ಕದ ಸಣ್ಣ ಊರುಗಳಲ್ಲಿ ನಮ್ಮ ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆಗಳೂ ಸೇರಿವೆ. 2025ರ ನವರಾತ್ರಿಯಿಂದ ದೀಪಾವಳಿಯವರೆಗೆ ನಮ್ಮ ಬಡಾವಣೆಯಲ್ಲಿ ಪಾರ್ಸೆಲ್ ಹುಡುಗರು ಬಾರದ ದಿನವೇ ಇರಲಿಲ್ಲ ಎಂಬುದಂತೂ ನಿಜ.

ನನ್ನ ಪ್ರಶ್ನೆ ಎರಡು. ನಮ್ಮ ಮನೆಗಳ ಹಬ್ಬದ ಖರ್ಚು ನಿಜವಾಗಿ ಹೆಚ್ಚಾಗಿದೆಯೇ, ಅಥವಾ ಅಶೋಕ ರಸ್ತೆಯಲ್ಲೋ ಚೌಕಿಪೇಟೆಯಲ್ಲೋ ಆಗುತ್ತಿದ್ದ ಖರ್ಚೇ ಮೊಬೈಲಿಗೆ ಹೋಗಿದೆಯೇ? ಹೆಚ್ಚಾಗಿದ್ದರೆ ಆ ದುಡ್ಡು ಎಲ್ಲಿಂದ ಬರುತ್ತಿದೆ? ನನಗೆ ಕಾಣುವಂತೆ ಇದು ಗಳಿಕೆ ಹೆಚ್ಚಿದ್ದರಿಂದ ಆದ ಖರ್ಚಲ್ಲ, ಇನ್ನೂ ಕೈಗೆ ಬಾರದ ಗಳಿಕೆಯನ್ನು ಈಗಲೇ ಖರ್ಚು ಮಾಡಿದ್ದು. ವ್ಯಾಪಾರಿಗಳು, ಬ್ಯಾಂಕಿನವರು, ರೈತರು ತಮಗೆ ಗೊತ್ತಿರುವುದನ್ನು ಬರೆಯಬೇಕೆಂದು ಕೋರುತ್ತೇನೆ. ಒಪ್ಪದವರು ಕಾರಣ ಕೊಟ್ಟು ವಿರೋಧಿಸಿದರೆ ಇನ್ನೂ ಒಳ್ಳೆಯದು.

ಪಿ.ಬಿ. ರಸ್ತೆ ವ್ಯಾಪಾರಿ

ಟಿವಿ, ಫ್ರಿಜ್, ವಾಷಿಂಗ್ ಮಷಿನ್ ಮಾರುವ ಅಂಗಡಿ ನನ್ನದು. 2025ರ ಹಬ್ಬದ ವ್ಯಾಪಾರವನ್ನು ಉಳಿದ ವರ್ಷಗಳ ಜೊತೆ ಹೋಲಿಸುವ ಮೊದಲು ಒಂದು ಸಂಗತಿಯನ್ನು ಗಮನಿಸಬೇಕು. ಜಿಎಸ್‌ಟಿ ದರ ಇಳಿಯಲಿದೆಯೆಂದು ಆಗಸ್ಟ್ 15ರಂದೇ ಪ್ರಧಾನಿಯವರು ಸೂಚಿಸಿದರು, ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ತೀರ್ಮಾನ ಮಾಡಿತು, ಹೊಸ ದರ ಜಾರಿಗೆ ಬಂದದ್ದು ಸೆಪ್ಟೆಂಬರ್ 22ರಂದು. ನಡುವಿನ ಅಷ್ಟೂ ದಿನ ಗಿರಾಕಿಗಳು ಬಂದರು, ನೋಡಿದರು, ಬೆಲೆ ಇಳಿದ ಮೇಲೆ ಬರುತ್ತೇವೆಂದು ಹೇಳಿ ಹೋದರು. 32 ಇಂಚಿಗಿಂತ ದೊಡ್ಡ ಟಿವಿ ಮತ್ತು ಎಸಿಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿಯುವುದಿದ್ದಾಗ ಯಾರು ತಾನೇ ಕೊಳ್ಳುತ್ತಾರೆ? ತೆರಿಗೆ ಬಿಟ್ಟು 30,000 ರೂಪಾಯಿಯ ಟಿವಿಗೆ ಮೊದಲು 38,400 ಆಗುತ್ತಿತ್ತು, ಈಗ 35,400 ಆಗುತ್ತದೆ. ಮೂರು ಸಾವಿರ ರೂಪಾಯಿ ಸಣ್ಣ ಮೊತ್ತವೇನಲ್ಲ.

ಆನ್‌ಲೈನ್ ಮಾರಾಟ ಆರಂಭವಾದದ್ದು ಸರಿಯಾಗಿ ಮರುದಿನ, ಸೆಪ್ಟೆಂಬರ್ 23ರಂದು. ಅಲ್ಲಿಯವರೆಗೆ ತಡೆದುಕೊಂಡಿದ್ದ ಖರೀದಿಯೆಲ್ಲ ಒಂದೇ ವಾರದಲ್ಲಿ ನುಗ್ಗಿತು. ಆ ವಾರದ ಅಂಕಿ ಹಿಡಿದು ‘ಜನ ಹೆಚ್ಚು ಖರ್ಚು ಮಾಡುತ್ತಿದ್ದಾರೆ’ ಎನ್ನುವವರು ಅದರ ಹಿಂದಿನ ತಿಂಗಳ ಖಾಲಿ ಅಂಗಡಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎಂಸಿಸಿ ಬಿ ಬ್ಲಾಕ್ ಗೃಹಿಣಿ

ಸಾಹುಕಾರರೇ, ಟಿವಿಯ ಮಾತು ಸರಿ. ಆದರೆ ಮೊಬೈಲ್ ಫೋನಿನ ತೆರಿಗೆ ಮೊದಲೂ ಶೇ 18 ಇತ್ತು, ಈಗಲೂ ಅಷ್ಟೇ ಇದೆ. ಆದರೂ ಹಬ್ಬದ ಮಾರಾಟದಲ್ಲಿ ಜನ ಮುಗಿಬಿದ್ದದ್ದು ಫೋನಿಗೇ ಅಲ್ಲವೇ? ತೆರಿಗೆಯೊಂದರಿಂದಲೇ ಎಲ್ಲವನ್ನೂ ವಿವರಿಸಲು ಆಗುವುದಿಲ್ಲ.

ಪಿ.ಬಿ. ರಸ್ತೆ ವ್ಯಾಪಾರಿ

ಒಪ್ಪುತ್ತೇನೆ ಅಕ್ಕಾ. ಫೋನಿನ ವಿಷಯದಲ್ಲಿ ಕೆಲಸ ಮಾಡಿದ್ದು ಬ್ಯಾಂಕ್ ಕಾರ್ಡಿನ ರಿಯಾಯಿತಿ ಮತ್ತು ಹಳೆ ಫೋನಿನ ವಿನಿಮಯ. ಈ ಎರಡನ್ನೂ ನಮ್ಮಂಥ ಸಣ್ಣ ಅಂಗಡಿಯವರಿಗೆ ಅದೇ ಮಟ್ಟದಲ್ಲಿ ಕೊಡಲು ಸಾಧ್ಯವಿಲ್ಲ.

ಚನ್ನಗಿರಿ ಮೆಕ್ಕೆಜೋಳ

ದುಡ್ಡು ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆಗೆ ಹಳ್ಳಿಯ ಕಡೆಯಿಂದ ಉತ್ತರ ಕೊಡುತ್ತೇನೆ. ನಮ್ಮಲ್ಲಿ ಮುಂಗಾರಿಗೆ ಬಿತ್ತಿದ ಮೆಕ್ಕೆಜೋಳ ಒಕ್ಕಣೆಯಾಗಿ, ಒಣಗಿ, ಎಪಿಎಂಸಿಗೋ ವ್ಯಾಪಾರಿಯ ಲಾರಿಗೋ ಹೋಗುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ. ಮಾರಿದ ಮಾಲಿನ ಪಟ್ಟಿ, ಹಣ ಕೈಗೆ ಸಿಕ್ಕು ಸಾಲ ತೀರಿಸಿ ಉಳಿದದ್ದರಲ್ಲಿ ಬಟ್ಟೆ, ಪಾತ್ರೆ, ಟಿವಿ ಕೊಳ್ಳುವುದು ಹಿಂದಿನಿಂದ ಬಂದ ರೂಢಿ. ಆನ್‌ಲೈನ್ ಮಾರಾಟದ ದೊಡ್ಡ ರಿಯಾಯಿತಿಗಳು ಬರುವುದು ಸೆಪ್ಟೆಂಬರ್ ಕೊನೆಗೆ. ಆಗ ತೆನೆ ಇನ್ನೂ ಹೊಲದಲ್ಲೇ ಇರುತ್ತದೆ, ಜೇಬಿನಲ್ಲಿ ರೊಕ್ಕ ಇರುವುದಿಲ್ಲ. ಆದ್ದರಿಂದ ಕೊಳ್ಳುವವನು ಕಂತಿನ ಮೇಲೆಯೇ ಕೊಳ್ಳಬೇಕು. ಬೆಳೆ ಬಂದಾಗ ಕಟ್ಟಿದರಾಯಿತೆಂಬ ಧೈರ್ಯ ಅವನದು.

2025ರಲ್ಲಿ ಆ ಧೈರ್ಯ ಕೈಕೊಟ್ಟಿತು. ಕೇಂದ್ರ ಸರ್ಕಾರ ಮೆಕ್ಕೆಜೋಳಕ್ಕೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಮಾರುಕಟ್ಟೆಯಲ್ಲಿ ಸಿಕ್ಕಿದ್ದು ಅದಕ್ಕಿಂತ ಎಷ್ಟೋ ಕಡಿಮೆ. ಖರೀದಿ ಕೇಂದ್ರ ತೆರೆಯಿರೆಂದು ರೈತರು ರಸ್ತೆಗಿಳಿದದ್ದನ್ನು ಎಲ್ಲರೂ ನೋಡಿದ್ದೀರಿ. ಬೆಲೆ ಬಿದ್ದರೂ ಫೋನಿನ ಕಂತು ಬೀಳುವುದಿಲ್ಲ. ತಿಂಗಳು ತಿಂಗಳು ಖಾತೆಯಿಂದ ಕಡಿತವಾಗುತ್ತಲೇ ಇರುತ್ತದೆ. ನಮ್ಮ ದಲ್ಲಾಳಿ ಅಂಗಡಿಯ ಉದ್ರಿಯಾದರೆ ಮುಖ ನೋಡಿ ಮುಂದಿನ ಹಂಗಾಮಿನವರೆಗೆ ಕಾಯುತ್ತಿದ್ದರು.

ವಿನೋಬನಗರ ಯುವಕ

ಅಣ್ಣಾ, ದಲ್ಲಾಳಿ ಮುಖ ನೋಡಿ ಕಾಯುತ್ತಿದ್ದದ್ದು ಧರ್ಮಕ್ಕಲ್ಲ. ಕಾದ ಅಷ್ಟೂ ತಿಂಗಳಿಗೆ ಬಡ್ಡಿ ಹಾಕುತ್ತಿದ್ದರು, ಮಾಲು ತಮ್ಮ ಅಂಗಡಿಗೇ ತರಬೇಕೆಂಬ ಕಟ್ಟೂ ಇರುತ್ತಿತ್ತು. ಆ ಉದ್ರಿಯನ್ನು ಹೊಗಳುವಾಗ ಅದನ್ನೂ ಹೇಳಬೇಕು.

ಚನ್ನಗಿರಿ ಮೆಕ್ಕೆಜೋಳ

ಬಡ್ಡಿ ಇತ್ತು, ಇಲ್ಲವೆನ್ನುವುದಿಲ್ಲ ತಮ್ಮಾ. ಆದರೆ ಕಟ್ಟುವ ದಿನವನ್ನು ಬೆಳೆ ನೋಡಿ ಗೊತ್ತುಮಾಡುತ್ತಿದ್ದರು. ನಾನು ಹೇಳಿದ್ದು ಆ ಒಂದು ವ್ಯತ್ಯಾಸವನ್ನು ಮಾತ್ರ.

ಬ್ಯಾಂಕ್ ಉದ್ಯೋಗಿ, ಚಿತ್ರದುರ್ಗ

ಕಂತಿನ ಮಾತು ಬಂದದ್ದರಿಂದ ‘ನೋ ಕಾಸ್ಟ್ ಇಎಂಐ’ ಹೇಗೆ ನಡೆಯುತ್ತದೆಂಬುದನ್ನು ವಿವರಿಸುತ್ತೇನೆ. ನಮ್ಮ ಶಾಖೆಗೆ ಬರುವ ಅನೇಕ ಗ್ರಾಹಕರು ಇದನ್ನು ಬಡ್ಡಿಯೇ ಇಲ್ಲದ ಸಾಲವೆಂದು ತಿಳಿದಿರುತ್ತಾರೆ. ಶೂನ್ಯ ಬಡ್ಡಿ ಎಂಬುದು ವಾಸ್ತವದಲ್ಲಿ ಇರುವುದಿಲ್ಲ, ಬಡ್ಡಿಯನ್ನು ಬೇರೆ ಹೆಸರಿನಲ್ಲಿ ಮರೆಮಾಡಲಾಗುತ್ತಿದೆ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸ್ಪಷ್ಟವಾಗಿ ತಿಳಿಸಿತ್ತು. ಅಂದಿನಿಂದ ಬ್ಯಾಂಕು ಬಡ್ಡಿ ಹಾಕುತ್ತದೆ, ಅಷ್ಟೇ ಮೊತ್ತವನ್ನು ಮಾರಾಟಗಾರರೋ ತಯಾರಕರೋ ಮೊದಲೇ ಬೆಲೆಯಲ್ಲಿ ರಿಯಾಯಿತಿಯಾಗಿ ಬಿಡುತ್ತಾರೆ.

24,000 ರೂಪಾಯಿಯ ಫೋನನ್ನು ಆರು ಕಂತಿಗೆ ಕೊಂಡಿದ್ದೀರೆಂದುಕೊಳ್ಳಿ. ಕಂತು 4,000 ರೂಪಾಯಿ. ವಾರ್ಷಿಕ ಬಡ್ಡಿ ಶೇ 15 ಎಂದು ಹಿಡಿದರೆ ಬ್ಯಾಂಕಿನ ಪುಸ್ತಕದಲ್ಲಿ ಸಾಲದ ಅಸಲು ಸುಮಾರು 22,984, ಬಡ್ಡಿ ಸುಮಾರು 1,016. ಆ 1,016 ರೂಪಾಯಿಯನ್ನು ಬೆಲೆಯಲ್ಲಿ ಇಳಿಸಿದ್ದರಿಂದ ಒಟ್ಟು 24,000ವೇ ಆಗುತ್ತದೆ, ಸರಿ. ಆದರೆ ಕ್ರೆಡಿಟ್ ಕಾರ್ಡಿನ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಇದೆ. ಅದು ಸುಮಾರು 183 ರೂಪಾಯಿ. ಸಂಸ್ಕರಣಾ ಶುಲ್ಕ 199 ರೂಪಾಯಿ ಇದ್ದರೆ ಅದರ ತೆರಿಗೆ ಸೇರಿ ಸುಮಾರು 235. ಹೀಗೆ ‘ಖರ್ಚಿಲ್ಲದ’ ಕಂತಿಗೆ ನಾನೂರಕ್ಕೂ ಮಿಕ್ಕಿ ಖರ್ಚಾಯಿತು. ಪೂರ್ತಿ ಹಣ ಕೊಟ್ಟು ಕೊಳ್ಳುವವರಿಗೆ ಬೇರೆ ರಿಯಾಯಿತಿ ಇದ್ದು, ಕಂತಿನವರಿಗೆ ಅದು ಸಿಗದೆ ಹೋದರೆ ನಿಜವಾದ ವ್ಯತ್ಯಾಸ ಇನ್ನೂ ದೊಡ್ಡದಾಗುತ್ತದೆ.

ಲೆಕ್ಕಪತ್ರದ ಹಾದಡಿ ರಸ್ತೆ

ಒಂದು ತಿದ್ದುಪಡಿ. ಬಡ್ಡಿಯ ಮೇಲಿನ ಜಿಎಸ್‌ಟಿ ಕ್ರೆಡಿಟ್ ಕಾರ್ಡಿಗೆ ಮಾತ್ರ. ಹಣಕಾಸು ಕಂಪನಿಯಿಂದ ನೇರವಾಗಿ ತೆಗೆದುಕೊಂಡ ಗೃಹೋಪಕರಣ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ, ಅದರ ಶುಲ್ಕಗಳಿಗೆ ಇದೆ. ನಮ್ಮ ಕಡೆ ಕ್ರೆಡಿಟ್ ಕಾರ್ಡ್ ಇರುವವರಿಗಿಂತ ಹಣಕಾಸು ಕಂಪನಿಯ ಕಂತಿನವರೇ ಜಾಸ್ತಿಯಾದ್ದರಿಂದ ಇದನ್ನು ಬಿಡಿಸಿ ಹೇಳಬೇಕಾಯಿತು.

ಮೂಲ ಪ್ರಶ್ನೆಗೆ ಬರುವುದಾದರೆ, ಕಂಪನಿಗಳು ಮಾರಾಟದ ನಂತರ ಹೇಳುವ ದೊಡ್ಡ ಅಂಕಿ ಸಾಮಾನ್ಯವಾಗಿ ಆರ್ಡರ್ ಮಾಡಿದ ಸರಕಿನ ಒಟ್ಟು ಮೌಲ್ಯ. ಅದರಲ್ಲಿ ರದ್ದಾದ ಆರ್ಡರ್, ಬಾಗಿಲಲ್ಲೇ ಬೇಡವೆಂದು ಕಳಿಸಿದ್ದು, ವಾಪಸಾದ ಬಟ್ಟೆ ಎಲ್ಲವೂ ಸೇರಿರಬಹುದು. ಅಂಗಡಿಯವನ ದಿನದ ಗಲ್ಲಾ ಲೆಕ್ಕದೊಂದಿಗೆ ಅದನ್ನು ಹೋಲಿಸುವುದು ಸರಿಯಲ್ಲ. ಖರ್ಚಿನ ಪ್ರವೃತ್ತಿ ತಿಳಿಯಬೇಕಾದರೆ ವಾಪಸಾತಿ ಕಳೆದ ಮೊತ್ತವನ್ನು ನೋಡಬೇಕು; ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನ ಒಟ್ಟು ವ್ಯಾಪಾರವನ್ನು ಹಿಂದಿನ ವರ್ಷದ ಅದೇ ತಿಂಗಳುಗಳ ಪಕ್ಕದಲ್ಲಿಟ್ಟು ನೋಡಬೇಕು.

ವಿದ್ಯಾನಗರ ನಿವಾಸಿ

ಬಹಳ ಉಪಯುಕ್ತವಾದ ಮಾತು. ಪತ್ರಿಕೆಗಳು ಆ ಅಂಕಿಯನ್ನು ಹಾಗೇ ಅಚ್ಚು ಮಾಡುವುದರಿಂದ ಎಲ್ಲರೂ ಕೊಳ್ಳುತ್ತಿದ್ದಾರೆ, ನಾವೊಬ್ಬರೇ ಹಿಂದುಳಿದೆವು ಎಂಬ ಆತಂಕ ಮನೆ ಮನೆಗೂ ಬರುತ್ತದೆ.

ಪಾರ್ಸೆಲ್ ಹುಡುಗ

ನಾನು ದಾವಣಗೆರೆ ಸುತ್ತಲಿನ ಹಳ್ಳಿಗಳಿಗೆ ಪಾರ್ಸೆಲ್ ತಲುಪಿಸುವ ಕೆಲಸ ಮಾಡುತ್ತೇನೆ. ಇಲ್ಲಿ ಎಲ್ಲರೂ ಫೋನು, ಟಿವಿಯ ಬಗ್ಗೆಯೇ ಬರೆಯುತ್ತಿದ್ದೀರಿ. ಹಬ್ಬದಲ್ಲಿ ನನ್ನ ಚೀಲ ತುಂಬುವುದು ಅವುಗಳಿಂದಲ್ಲ. ಮುನ್ನೂರು ನಾನೂರು ರೂಪಾಯಿಯ ಕುರ್ತಾ, ಮಕ್ಕಳ ಬಟ್ಟೆ, ಬೆಡ್‌ಶೀಟ್, ಅಡುಗೆಮನೆಯ ಡಬ್ಬಿಗಳು, ಚಪ್ಪಲಿ, ಬಾಗಿಲಿನ ತೋರಣ, ವಿದ್ಯುತ್ ದೀಪದ ಸರ. ಹಳ್ಳಿಯ ಹೆಣ್ಣುಮಕ್ಕಳು ಇವನ್ನು ತಾವೇ ಆರಿಸಿ, ತಾವೇ ದುಡ್ಡು ಕೊಟ್ಟು ತೆಗೆದುಕೊಳ್ಳುತ್ತಾರೆ. ಕೆಲವರು ಗೃಹಲಕ್ಷ್ಮಿ ಹಣ ಬಂದ ಮೇಲೆ ಬರಲು ಹೇಳುತ್ತಾರೆ. ಮೊದಲು ಎಲ್ಲರೂ ಕೈಯಲ್ಲಿ ನೋಟು ಹಿಡಿದು ನಿಲ್ಲುತ್ತಿದ್ದರು, ಈಗ ಪಾರ್ಸೆಲ್ ಬಿಚ್ಚುವ ಮೊದಲೇ ಕ್ಯೂಆರ್ ಕೋಡ್ ತೋರಿಸಿ ಎನ್ನುತ್ತಾರೆ.

ಇನ್ನೊಂದು ಬದಲಾವಣೆಯೂ ಇದೆ. ಮಾರಾಟದ ಮೊದಲ ದಿನಗಳಲ್ಲಿ ಆಸೆಗೆ ಬಿದ್ದು ಆರ್ಡರ್ ಮಾಡಿದ್ದನ್ನು ನಾವು ಬಾಗಿಲಿಗೆ ಹೋಗುವ ಹೊತ್ತಿಗೆ ಬೇಡವೆನ್ನುವವರು ಹೆಚ್ಚಾಗಿದ್ದಾರೆ. ಅಷ್ಟು ದೂರ ಹೋದ ಪೆಟ್ರೋಲು ನಮ್ಮದೇ. ದಯವಿಟ್ಟು ಬೇಡವಾದರೆ ಮೊದಲೇ ಮೊಬೈಲಿನಲ್ಲಿ ರದ್ದು ಮಾಡಿ.

ನಿಟುವಳ್ಳಿ ಓದುಗಿ

ತಮ್ಮಾ, ನೀವು ಹೇಳಿದ್ದು ಮುಖ್ಯವಾದದ್ದು. ರಾಜ್ಯ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ಕೆಲಸ ಮಾಡುವ ನಿಮ್ಮಂಥವರ, ಸಾಮಾಜಿಕ ಭದ್ರತೆಗಾಗಿ ಕಾಯ್ದೆ ತಂದಿದೆ. ಕಾರ್ಮಿಕರಿಗೆ ಕೊಡುವ ಪಾವತಿಯ ಶೇ 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು. ನೀವು ನೋಂದಾಯಿಸಿಕೊಂಡಿದ್ದೀರಾ?

ಪಾರ್ಸೆಲ್ ಹುಡುಗ

ಹೆಸರು ಕೊಟ್ಟಿದ್ದೇನೆ ಅಕ್ಕಾ.

ಜಗಳೂರು ಶಿಕ್ಷಕಿ

ನಾನು ಸ್ವಲ್ಪ ಬೇರೆ ದಿಕ್ಕಿನಿಂದ ಮಾತನಾಡಬೇಕಾಗಿದೆ, ಏಕೆಂದರೆ ಈ ಚರ್ಚೆಯಲ್ಲಿ ಆನ್‌ಲೈನ್ ಖರೀದಿಯೆಂದರೆ ದುಂದು ಎಂಬ ಭಾವನೆ ಮೊದಲಿನಿಂದಲೂ ಕಾಣುತ್ತಿದೆ. ಜಗಳೂರಿನಂಥ ಊರಿನಲ್ಲಿ ಕಾಲಿಗೆ ಸರಿಹೊಂದುವ ಶೂ, ಹುಡುಗಿಯರ ಒಳ ಉಡುಪು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಬೇಕೆಂದರೆ ಬಸ್ಸು ಹತ್ತಿ ದಾವಣಗೆರೆಗೋ ಚಿತ್ರದುರ್ಗಕ್ಕೋ ಹೋಗಬೇಕಿತ್ತು. ಅಲ್ಲಿ ಹೋದ ಮೇಲೂ ಅಂಗಡಿಯವರು ಇರುವ ಎರಡು ಮೂರು ಬಗೆಯಲ್ಲೇ ಒಂದನ್ನು ಒಪ್ಪಿಸಿ ಕಳಿಸುತ್ತಿದ್ದರು. ಬದಲಾಯಿಸಿ ಕೊಡಿ ಎಂದು ಮರುದಿನ ಹೋದರೆ ಮುಖ ಕೊಟ್ಟು ಮಾತನಾಡುತ್ತಿರಲಿಲ್ಲ. ಬಸ್ಸಿನ ದುಡ್ಡು, ಒಂದು ದಿನದ ರಜೆ, ಹೋಟೆಲಿನ ಊಟ ಇವೆಲ್ಲ ಖರ್ಚಲ್ಲವೇ? ಮನೆಯ ಹೆಣ್ಣುಮಕ್ಕಳು ವರ್ಷವಿಡೀ ಪಟ್ಟಿ ಮಾಡಿಟ್ಟುಕೊಂಡು ಹಬ್ಬದ ರಿಯಾಯಿತಿಯಲ್ಲಿ ಒಮ್ಮೆಲೇ ಕೊಳ್ಳುವುದನ್ನು ನಾನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಅದು ಸಂಸಾರ ತೂಗಿಸುವ ಜಾಣತನ. ಅದನ್ನೂ ದುಂದಿನ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ.

ಎಂಸಿಸಿ ಬಿ ಬ್ಲಾಕ್ ಗೃಹಿಣಿ

ಮೇಡಂ ಹೇಳಿದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ. ಪಟ್ಟಿ ಮಾಡಿಕೊಂಡು ಕೊಳ್ಳುವವರು ಇನ್ನೊಂದು ಕೆಲಸವನ್ನೂ ಮಾಡಬೇಕು. ವಸ್ತುವಿನ ಹಳೆಯ ಬೆಲೆಗಳನ್ನು ತೋರಿಸುವ ಜಾಲತಾಣಗಳಿವೆ. ಮಾರಾಟಕ್ಕೆ ಒಂದೆರಡು ತಿಂಗಳು ಮೊದಲಿನ ಬೆಲೆ ನೋಡಿಕೊಳ್ಳಿ. ‘ಶೇ 70 ರಿಯಾಯಿತಿ’ ಎಂಬುದು ಎಂಆರ್‌ಪಿಯ ಮೇಲಿನ ಲೆಕ್ಕ. ಆ ಎಂಆರ್‌ಪಿಗೆ ಯಾರೂ ಎಂದೂ ಕೊಂಡಿರುವುದಿಲ್ಲ. ಜುಲೈನಲ್ಲಿ 1,899ಕ್ಕೆ ಸಿಗುತ್ತಿದ್ದ ಮಿಕ್ಸರ್ ಮಾರಾಟದಲ್ಲಿ 1,799ಕ್ಕೆ ಸಿಕ್ಕರೆ ಉಳಿದದ್ದು ನೂರು ರೂಪಾಯಿ ಮಾತ್ರ, ಪರದೆಯ ಮೇಲೆ ಎಷ್ಟೇ ದೊಡ್ಡ ಅಂಕಿ ಹೊಳೆದರೂ ಸರಿಯೇ.

ಚೌಕಿಪೇಟೆ ಬಟ್ಟೆ

ಬಟ್ಟೆ ವ್ಯಾಪಾರದಲ್ಲಿ ನಮ್ಮ ಮನೆತನ ಮೂರು ತಲೆಮಾರಿನಿಂದ ಇದೆ. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಈ ಊರಿನಲ್ಲಿ ಗಿರಣಿಗಳು ನಿಂತರೂ ಜವಳಿ ವ್ಯಾಪಾರ ನಿಲ್ಲಲಿಲ್ಲ. ಹಾವೇರಿ, ಶಿವಮೊಗ್ಗ, ಬಳ್ಳಾರಿ ಕಡೆಯಿಂದ ಇಂದಿಗೂ ಮದುವೆ ಜವಳಿಗೆ ಇಲ್ಲಿಗೇ ಬರುತ್ತಾರೆ. ಆನ್‌ಲೈನ್ ನಮ್ಮಿಂದ ಕಸಿದದ್ದು ಮದುವೆ ಜವಳಿಯನ್ನಲ್ಲ, ದಿನಬಳಕೆಯ ಬಟ್ಟೆಯನ್ನು. ಪಾರ್ಸೆಲ್ ಹುಡುಗನ ಮಾತು ನನ್ನ ಗಲ್ಲಾಪೆಟ್ಟಿಗೆಗೂ ಸರಿಹೊಂದುತ್ತದೆ. ಮುಟ್ಟಿ ನೋಡಬೇಕಾದ ರೇಷ್ಮೆ ಸೀರೆ ಅಂಗಡಿಯಲ್ಲೇ ಉಳಿದಿದೆ, ಮುಟ್ಟದೆ ಕೊಳ್ಳಬಹುದಾದ ಕುರ್ತಾ, ಟೀ ಶರ್ಟು ಹೋಗಿವೆ.

ತೆರಿಗೆಯ ಬದಲಾವಣೆ ಬಟ್ಟೆಯಲ್ಲೂ ಪರಿಣಾಮ ಮಾಡಿದೆ. ಮೊದಲು ಸಾವಿರ ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ 5, ಅದಕ್ಕಿಂತ ಮೇಲಿನದಕ್ಕೆ ಶೇ 12 ಇತ್ತು. ಈಗ 2,500 ರೂಪಾಯಿವರೆಗೆ ಶೇ 5, ಅದನ್ನು ದಾಟಿದರೆ ಶೇ 18. ಆದ್ದರಿಂದ ಗಿರಾಕಿಗಳೂ ವ್ಯಾಪಾರಿಗಳೂ 2,500ರ ಒಳಗೇ ನಿಲ್ಲಲು ನೋಡುತ್ತಿದ್ದಾರೆ. ಇದು ಆನ್‌ಲೈನಿನಲ್ಲೂ ಹಾಗೆಯೇ, ಅಂಗಡಿಯಲ್ಲೂ ಹಾಗೆಯೇ.

ಮೊಳಕಾಲ್ಮೂರು ಮಗ್ಗ

ಚೌಕಿಪೇಟೆಯವರು ರೇಷ್ಮೆ ಸೀರೆ ಅಂಗಡಿಯಲ್ಲೇ ಉಳಿದಿದೆ ಎಂದರು. ನೇಕಾರರ ಮನೆಯಿಂದ ಬಂದ ನನಗೆ ಅದರಲ್ಲಿ ಪೂರ್ತಿ ನಂಬಿಕೆಯಿಲ್ಲ. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ, ಅಂದರೆ ಅದು ಈ ಊರಿನದೇ ವಿಶಿಷ್ಟ ಸರಕೆಂಬ ಮಾನ್ಯತೆ ಇದೆ. ಆದರೂ ಹಬ್ಬದ ಮಾರಾಟದಲ್ಲಿ ಯಂತ್ರದಲ್ಲಿ ನೇಯ್ದ ಕೃತಕ ರೇಷ್ಮೆಯನ್ನು ಹೆಸರಾಂತ ಊರುಗಳ ಸೀರೆಯೆಂದು ಕೆಲವು ನೂರು ರೂಪಾಯಿಗೆ ಮಾರುತ್ತಾರೆ. ಕೈಮಗ್ಗದಲ್ಲಿ ಒಂದು ಸೀರೆ ಇಳಿಸಲು ದಿನಗಟ್ಟಲೆ ಕೂರುವ ನೇಕಾರನಿಗೆ ಆ ಬೆಲೆಯಲ್ಲಿ ರೇಷ್ಮೆ ನೂಲೂ ಬರುವುದಿಲ್ಲ. ಕೊಳ್ಳುವವರಿಗೆ ಕೈಮುಗಿದು ಕೇಳುವುದಿಷ್ಟೇ: ರೇಷ್ಮೆಗೆ ಸಿಲ್ಕ್ ಮಾರ್ಕ್ ಚೀಟಿ, ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಅದು ಅಗ್ಗದ ಸೀರೆಯೇ ಆಗಿರಲಿ, ಅಗ್ಗದ ಸೀರೆಯೆಂದೇ ತಿಳಿದು ಕೊಳ್ಳಿ.

ವಿನೋಬನಗರ ಯುವಕ

ಇದೇ ಆನ್‌ಲೈನಿನಲ್ಲಿ ನೇಕಾರರೇ ನೇರವಾಗಿ ಮಾರಬಹುದಲ್ಲವೇ? ಮಧ್ಯವರ್ತಿಯ ಪಾಲೂ ಉಳಿಯುತ್ತದೆ.

ಮೊಳಕಾಲ್ಮೂರು ಮಗ್ಗ

ಮಾರುತ್ತಿರುವವರಿದ್ದಾರೆ ತಮ್ಮಾ. ಆದರೆ ಫೋಟೊ ತೆಗೆಯುವುದು, ಜಿಎಸ್‌ಟಿ ನೋಂದಣಿ, ವೇದಿಕೆಯ ಕಮಿಷನ್, ವಾಪಸಾದ ಸೀರೆಯ ಸಾಗಣೆ ಖರ್ಚು ಎಲ್ಲವನ್ನೂ ಹೊರಬಲ್ಲವರು ಹತ್ತು ಮಗ್ಗದ ಯಜಮಾನರು. ಒಂದೇ ಮಗ್ಗದ ಮನೆಯವರಿಗೆ ಗಿರಾಕಿ ಒಂದು ಸೀರೆ ಉಟ್ಟು ವಾಪಸು ಕಳಿಸಿದರೆ ಆ ತಿಂಗಳೇ ಕೆಟ್ಟಂತೆ.

ಪಿ.ಬಿ. ರಸ್ತೆ ವ್ಯಾಪಾರಿ

ಬೆಲೆಯ ಬಗ್ಗೆ ನಮ್ಮ ದೂರನ್ನೂ ಹೇಳಬೇಕು. ವಿದೇಶಿ ಬಂಡವಾಳದ ಆನ್‌ಲೈನ್ ಮಾರುಕಟ್ಟೆಗಳು ಮಾರಾಟದ ಬೆಲೆಯ ಮೇಲೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪ್ರಭಾವ ಬೀರಬಾರದೆಂಬ ನಿಯಮವಿದೆ. 2018ರ ಡಿಸೆಂಬರ್‌ನಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿ 2019ರ ಫೆಬ್ರುವರಿ 1ರಿಂದ ಜಾರಿಗೆ ತಂದರು. ಹಾಗಿದ್ದೂ ವಿತರಕರು ನಮಗೆ ಕೊಡುವ ಖರೀದಿ ಬೆಲೆಗಿಂತ ಕೆಳಗೆ ಅಲ್ಲಿ ಮಾರಾಟವಾಗುವುದನ್ನು ನೋಡಿದ್ದೇವೆ. ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಕೆಲವೇ ಮಾರಾಟಗಾರರಿಗೆ ಆದ್ಯತೆ ಕೊಡುತ್ತವೆಂಬ ವ್ಯಾಪಾರಿಗಳ ದೂರಿನ ಮೇಲೆ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ತನಿಖೆಗೆ ಆದೇಶಿಸಿತು. ಕಂಪನಿಗಳು ಅದನ್ನು ನಮ್ಮ ಹೈಕೋರ್ಟಿನಲ್ಲೇ ಪ್ರಶ್ನಿಸಿದವು. 2021ರ ಜೂನ್‌ನಲ್ಲಿ ಏಕಸದಸ್ಯ ಪೀಠವೂ ಜುಲೈನಲ್ಲಿ ವಿಭಾಗೀಯ ಪೀಠವೂ ತನಿಖೆ ತಡೆಯಲು ನಿರಾಕರಿಸಿದವು. ಇಷ್ಟು ವರ್ಷವಾದರೂ ಸಣ್ಣ ವ್ಯಾಪಾರಿಗೆ ಇದರಿಂದ ಸಿಕ್ಕ ಪರಿಹಾರ ಕಣ್ಣಿಗೆ ಕಾಣುತ್ತಿಲ್ಲ.

ಜಗಳೂರು ಶಿಕ್ಷಕಿ

ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಗ್ರಾಹಕರ ಖರ್ಚಿನ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ. ಕಡಿಮೆ ಬೆಲೆಗೆ ಸಿಕ್ಕರೆ ಗ್ರಾಹಕರಿಗೆ ಲಾಭವೇ ತಾನೇ?

ಪಿ.ಬಿ. ರಸ್ತೆ ವ್ಯಾಪಾರಿ

ಇಂದು ಲಾಭ ಮೇಡಂ. ಊರಿನ ಅಂಗಡಿಗಳು ಮುಚ್ಚಿದ ಮೇಲೆ ಬೆಲೆ ಹೇಳುವವರು ಒಬ್ಬಿಬ್ಬರೇ ಉಳಿಯುತ್ತಾರೆ. ಫ್ರಿಜ್ ಕೆಟ್ಟಾಗ ಮೆಕ್ಯಾನಿಕ್ ಕರೆದುಕೊಂಡು ಮನೆಗೆ ಬರುವವರೂ ಇರುವುದಿಲ್ಲ.

ಹರಿಹರದ ನಿವೃತ್ತ ನೌಕರ

ಮೊದಲು ಹಬ್ಬಕ್ಕಾಗಿ ಖರೀದಿ ಮಾಡುತ್ತಿದ್ದೆವು, ಈಗ ಖರೀದಿಗಾಗಿ ಹಬ್ಬದ ಹೆಸರು ಬಳಸಲಾಗುತ್ತಿದೆ ಎಂಬುದಕ್ಕೆ ಪಂಚಾಂಗವೇ ಸಾಕ್ಷಿ. ಪಿತೃಪಕ್ಷದಲ್ಲಿ ಹೊಸ ವಸ್ತು ಮನೆಗೆ ತರಬಾರದೆಂದು ನಮ್ಮ ಹಿರಿಯರು ಕಟ್ಟುನಿಟ್ಟಾಗಿದ್ದರು. ಅಂಗಡಿಯವರಿಗೂ ಆ ಹದಿನೈದು ದಿನ ಬಿಡುವಿನ ಕಾಲ. 2023ರ ಮಾರಾಟ ಶುರುವಾದದ್ದು ಅಕ್ಟೋಬರ್ 8ರಂದು, 2024ರದ್ದು ಸೆಪ್ಟೆಂಬರ್ ಕೊನೆಯ ವಾರದಲ್ಲಿ. ಎರಡೂ ವರ್ಷ ಅದು ಪಿತೃಪಕ್ಷ. ಜನ ಕೊಂಡರು. 2025ರಲ್ಲಿ ಮಾತ್ರ ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಆರಂಭವಾಯಿತು. ಫ್ಲಿಪ್‌ಕಾರ್ಟ್ ತನ್ನ ಮೊದಲ ಬಿಗ್ ಬಿಲಿಯನ್ ಮಾರಾಟವನ್ನು 2014ರ ಅಕ್ಟೋಬರ್ 6ರಂದು ಒಂದೇ ದಿನ ನಡೆಸಿತ್ತು. ಈಗ ಒಂದರ ಹಿಂದೆ ಒಂದರಂತೆ ಬೇರೆ ಬೇರೆ ಹೆಸರಿನಲ್ಲಿ ದೀಪಾವಳಿಯವರೆಗೂ ಎಳೆಯುತ್ತಾರೆ. ಸಂಪ್ರದಾಯ ಮುರಿದದ್ದಕ್ಕೆ ನನಗೆ ಕೋಪವಿಲ್ಲ. ಕೊಳ್ಳದೆ ಇರುವ ದಿನಗಳು ಎಂಬುದೇ ವರ್ಷದಲ್ಲಿ ಇಲ್ಲದಂತಾಗಿರುವುದು ನನ್ನನ್ನು ಯೋಚನೆಗೆ ಹಚ್ಚಿದೆ.

ನಿಟುವಳ್ಳಿ ಓದುಗಿ

ಅಜ್ಜಾ, ಚಿನ್ನವನ್ನೂ ಈ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎನ್ನಿಸುತ್ತದೆ. ಹಬ್ಬಕ್ಕೆ ಗ್ರಾಂ ಎರಡು ಗ್ರಾಂ ಚಿನ್ನ ಮಾಡಿಸುವುದು ನಮ್ಮ ಮನೆಗಳ ರೂಢಿ. 2025ರ ಅಕ್ಟೋಬರ್‌ನಲ್ಲಿ ಹತ್ತು ಗ್ರಾಂ ಬೆಲೆ 1.20 ಲಕ್ಷ ರೂಪಾಯಿ ದಾಟಿತು. ಐದಾರು ಸಾವಿರ ಕೂಡಿಟ್ಟವರಿಗೆ ಅದರಲ್ಲಿ ಅರ್ಧ ಗ್ರಾಂ ಕೊಳ್ಳುವುದಕ್ಕಿಂತ ಮಿಕ್ಸರೋ ಮೊಬೈಲಿನ ಮೊದಲ ಕಂತೋ ಹತ್ತಿರವೆನಿಸಿದರೆ ತಪ್ಪೇನು? ಆದರೆ ಚಿನ್ನ ಉಳಿಯುತ್ತಿತ್ತು, ಫೋನು ಮೂರು ವರ್ಷಕ್ಕೆ ಹಳತಾಗುತ್ತದೆ.

ಬ್ಯಾಂಕ್ ಉದ್ಯೋಗಿ, ಚಿತ್ರದುರ್ಗ

ಚನ್ನಗಿರಿಯ ಅಣ್ಣನ ಮಾತಿಗೆ ಹಿಂತಿರುಗುತ್ತೇನೆ; ಈ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಂಡದ್ದು ಅದೇ. ಸಾಲಗಾರರ ವಿವರವನ್ನು ಹದಿನೈದು ದಿನಕ್ಕೊಮ್ಮೆಯಾದರೂ ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ, ಅಂದರೆ ಎಲ್ಲರ ಸಾಲದ ದಾಖಲೆ ಇಡುವ ಸಂಸ್ಥೆಗಳಿಗೆ, ಕಳಿಸಬೇಕೆಂಬ ನಿಯಮ 2025ರ ಜನವರಿ 1ರಿಂದ ಬಂತು. ಫೋನಿನ ಒಂದು ಕಂತು ತಪ್ಪಿದರೂ ಅದು ಬೇಗನೆ ದಾಖಲಾಗುತ್ತದೆ. ಅದೇ ವ್ಯಕ್ತಿ ಮುಂದಿನ ಮುಂಗಾರಿಗೆ ಬೆಳೆ ಸಾಲಕ್ಕೆ ಬಂದಾಗ ಶಾಖೆಯವರು ಮೊದಲು ತೆರೆದು ನೋಡುವುದು ಆ ವರದಿಯನ್ನೇ. ಎರಡು ಸಾವಿರದ ಕಂತಿಗಾಗಿ ಎರಡು ಲಕ್ಷದ ಬೆಳೆ ಸಾಲಕ್ಕೆ ತೊಡಕಾದ ಅರ್ಜಿಗಳನ್ನು ನಾನೇ ನೋಡಿದ್ದೇನೆ.

ಇನ್ನೊಂದು ವಿಷಯವನ್ನು ರೈತರಿಗೆ ಬಿಡಿಸಿ ಹೇಳಬೇಕು. ಸೊಸೈಟಿಯಲ್ಲಿ ಐದು ಲಕ್ಷ ರೂಪಾಯಿವರೆಗೆ ಶೂನ್ಯ ಬಡ್ಡಿಯ ಅಲ್ಪಾವಧಿ ಬೆಳೆ ಸಾಲವಿದೆ. ಅಲ್ಲಿ ರೈತ ಕಟ್ಟದ ಬಡ್ಡಿಯನ್ನು ಸರ್ಕಾರ ಕಟ್ಟುತ್ತದೆ, ಗಡುವಿನೊಳಗೆ ಮರುಪಾವತಿ ಮಾಡಿದರೆ ಮಾತ್ರ. ಫೋನಿನ ಶೂನ್ಯ ಬಡ್ಡಿಯನ್ನು ಸರಕಿನ ಬೆಲೆಯೊಳಗಿನಿಂದಲೇ ಕೊಡಲಾಗಿರುತ್ತದೆ. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಜನ ಎರಡನ್ನೂ ಒಂದೇ ಎಂದುಕೊಂಡಿದ್ದಾರೆ.

ಚನ್ನಗಿರಿ ಮೆಕ್ಕೆಜೋಳ

ಸರ್, ಈ ಮಾತನ್ನು ನಮ್ಮ ಊರಿನ ವಾಟ್ಸ್ಯಾಪ್ ಗುಂಪಿಗೆ ಹಾಕುತ್ತೇನೆ, ಅನುಮತಿ ಕೊಡಿ. ಅಡಿಕೆ ಇರುವವರಿಗೆ ಹೇಗೋ ನಡೆಯುತ್ತದೆ, ಮಳೆಯಾಶ್ರಿತ ಹೊಲದವರು ಇದನ್ನು ಮೊದಲೇ ತಿಳಿದಿರಬೇಕು.

ಬ್ಯಾಂಕ್ ಉದ್ಯೋಗಿ, ಚಿತ್ರದುರ್ಗ

ಖಂಡಿತ ಹಾಕಿ.

ವಿದ್ಯಾನಗರ ನಿವಾಸಿ

ಇಲ್ಲಿಯವರೆಗಿನ ಮಾತುಗಳಿಂದ ಖರ್ಚಿನಲ್ಲಿ ಎರಡು ಬಗೆ ಇರುವುದು ಸ್ಪಷ್ಟವಾಗುತ್ತಿದೆ. ಬಟ್ಟೆ, ಪಾತ್ರೆಯಂಥ ಸಣ್ಣ ಖರ್ಚು ಬಹುಮಟ್ಟಿಗೆ ಅಂಗಡಿಯಿಂದ ಮೊಬೈಲಿಗೆ ಸರಿದದ್ದು. ಜಗಳೂರಿನ ಮೇಡಂ ಹೇಳಿದಂತೆ ಅದರಲ್ಲಿ ಉಳಿತಾಯವೂ ಇದೆ. ಫೋನು, ಟಿವಿಯ ಖರ್ಚು ಮಾತ್ರ ಸಾಲದ ಮೇಲೆ ನಿಂತಿದೆ. ಎರಡನ್ನೂ ಒಟ್ಟಿಗೆ ಸೇರಿಸಿ ಹೇಳುವ ಯಾವ ಅಂಕಿಯೂ ನಮ್ಮ ಜಿಲ್ಲೆಗಳ ಸ್ಥಿತಿಯನ್ನು ಹೇಳಲಾರದು.

ವಿನೋಬನಗರ ಯುವಕ

ಸಾಲವೆಲ್ಲ ಕೆಟ್ಟದ್ದಲ್ಲ ಸರ್. ನನ್ನ ಗೆಳೆಯ ಕಂತಿನ ಮೇಲೆ ಲ್ಯಾಪ್‌ಟಾಪ್ ಕೊಂಡು ಅದರಿಂದಲೇ ಕೆಲಸ ಹಿಡಿದ. ಕೂಡಿಟ್ಟು ಕೊಳ್ಳುತ್ತೇನೆಂದು ಕಾದಿದ್ದರೆ ಇನ್ನೂ ಎರಡು ವರ್ಷ ಹೋಗುತ್ತಿತ್ತು. ದುಡಿಮೆಗೆ ಬೇಕಾದದ್ದನ್ನು ಸಾಲ ಮಾಡಿ ಕೊಳ್ಳುವುದಕ್ಕೂ ಇರುವ ಫೋನಿನ ಜಾಗಕ್ಕೆ ಹೊಸ ಮಾದರಿ ತರುವುದಕ್ಕೂ ವ್ಯತ್ಯಾಸ ಮಾಡಬೇಕು.

ಲೆಕ್ಕಪತ್ರದ ಹಾದಡಿ ರಸ್ತೆ

ಈ ವ್ಯತ್ಯಾಸ ಸರಿಯಾದದ್ದು.

ಹರಿಹರದ ನಿವೃತ್ತ ನೌಕರ

ಕೊಳ್ಳುವವರನ್ನು ಅವಸರಪಡಿಸುವ ತಂತ್ರಗಳ ಬಗ್ಗೆ ಯಾರೂ ಬರೆದಿಲ್ಲ. ‘ಎರಡೇ ಉಳಿದಿವೆ’, ‘ಇನ್ನು ಹತ್ತು ನಿಮಿಷ ಮಾತ್ರ’ ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೇಳದೆಯೇ ಬುಟ್ಟಿಗೆ ವಿಮೆಯನ್ನೋ ದೇಣಿಗೆಯನ್ನೋ ಸೇರಿಸುವುದು, ಕೊನೆಯ ಪುಟದಲ್ಲಿ ಮಾತ್ರ ಹೆಚ್ಚುವರಿ ಶುಲ್ಕ ತೋರಿಸುವುದು ಇವೆಲ್ಲವನ್ನೂ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಅಂಥ 13 ಬಗೆಗಳನ್ನು ಅದರಲ್ಲಿ ಪಟ್ಟಿ ಮಾಡಿದ್ದಾರೆ. ಹಣ ಕಟ್ಟುವ ಮೊದಲು ಕೊನೆಯ ಪುಟವನ್ನು ನಿಧಾನವಾಗಿ ಓದುವ ಅಭ್ಯಾಸವನ್ನು ಮನೆಯ ಮಕ್ಕಳಿಗೆ ಕಲಿಸಿ.

ಹೊಳಲ್ಕೆರೆ ಹೊಸ ಸದಸ್ಯೆ

ಎಲ್ಲವನ್ನೂ ಓದಿದೆ. ನನ್ನದೊಂದು ತೊಂದರೆ ಇದೆ, ಹಿರಿಯರು ದಾರಿ ತೋರಿಸಬೇಕು. ಹಬ್ಬದ ಮಾರಾಟದಲ್ಲಿ ಕೊಂಡ ಟಿವಿಯ ಪರದೆ ಬಿಚ್ಚಿದಾಗಲೇ ಸೀಳಿತ್ತು. ಕೂಡಲೇ ದೂರು ಕೊಟ್ಟರೂ ನೀವೇ ಒಡೆದಿದ್ದೀರಿ ಎಂದು ವಾಪಸು ಪಡೆಯಲು ನಿರಾಕರಿಸಿದ್ದಾರೆ. ಕಂತು ಮಾತ್ರ ಕಡಿತವಾಗುತ್ತಿದೆ. ಕಂಪನಿಯ ಕಚೇರಿ ಎಲ್ಲೋ ದೂರದಲ್ಲಿದೆ, ಅಲ್ಲಿಯವರೆಗೆ ಹೋಗಿ ಕೇಸು ನಡೆಸಲು ನಮ್ಮಿಂದ ಆದೀತೇ?

ಹರಿಹರದ ನಿವೃತ್ತ ನೌಕರ

ದೂರ ಹೋಗಬೇಕಾಗಿಲ್ಲ ತಾಯಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂಬ ಕಡ್ಡಾಯವಿಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಅನೇಕ ಪ್ರಕರಣಗಳು ಅಲ್ಲಿಯೇ ಬಗೆಹರಿಯುತ್ತವೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಆ ಅಧಿಕಾರಿಗೆ ಬರಹದಲ್ಲಿ ದೂರು ಕಳಿಸಿ ಅದರ ಪ್ರತಿ ಇಟ್ಟುಕೊಳ್ಳಿ.

ಪಾರ್ಸೆಲ್ ಹುಡುಗ

ಅಕ್ಕಾ, ಪೆಟ್ಟಿಗೆ ಬಿಸಾಡಿದ್ದೀರಾ? ಅದರ ಮೇಲಿನ ಚೀಟಿ, ಒಳಗಿನ ಥರ್ಮಾಕೋಲ್ ಇದ್ದರೆ ಹಾಗೇ ಇಡಿ. ಬಿಚ್ಚುವಾಗ ವಿಡಿಯೊ ಮಾಡಿದ್ದರೆ ಅದನ್ನು ಬೇರೆ ಕಡೆಗೂ ಉಳಿಸಿಕೊಳ್ಳಿ.

ಹೊಳಲ್ಕೆರೆ ಹೊಸ ಸದಸ್ಯೆ

ಪೆಟ್ಟಿಗೆ ಇದೆ. ಮಗ ವಿಡಿಯೊ ಮಾಡಿದ್ದಾನೆ. ಕಂತು ಕಟ್ಟುವುದನ್ನು ನಿಲ್ಲಿಸಬಹುದೇ?

ಬ್ಯಾಂಕ್ ಉದ್ಯೋಗಿ, ಚಿತ್ರದುರ್ಗ

ದಯವಿಟ್ಟು ನಿಲ್ಲಿಸಬೇಡಿ ಮೇಡಂ. ಸಾಲದ ಒಪ್ಪಂದ ಹಣಕಾಸು ಸಂಸ್ಥೆಯೊಂದಿಗೆ, ಟಿವಿಯ ಜಗಳ ಮಾರಾಟಗಾರರೊಂದಿಗೆ. ಕಂತು ತಪ್ಪಿದರೆ ದಾಖಲೆ ನಿಮ್ಮ ಹೆಸರಿನಲ್ಲೇ ಕೆಡುತ್ತದೆ. ಸಾಲ ಕೊಟ್ಟ ಸಂಸ್ಥೆಗೆ ವಿವಾದವಿರುವುದನ್ನು ಬರಹದಲ್ಲಿ ತಿಳಿಸಿ, ಕಟ್ಟಿದ ಕಂತು ಮತ್ತು ಶುಲ್ಕಗಳನ್ನೂ ಪರಿಹಾರದ ಮೊತ್ತದಲ್ಲಿ ಸೇರಿಸಿ ಕೇಳಿ.

ಲೆಕ್ಕಪತ್ರದ ಹಾದಡಿ ರಸ್ತೆ

ದೂರು ಬರೆಯುವಾಗ ಬಿಲ್ಲನ್ನು ಎದುರಿಗಿಟ್ಟುಕೊಳ್ಳಿ. ಅದರಲ್ಲಿ ಮಾರಾಟಗಾರರ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ ಇರುತ್ತದೆ. ನೀವು ಆರ್ಡರ್ ಮಾಡಿದ ವೇದಿಕೆ ಬೇರೆ, ಬಿಲ್ಲು ಹಾಕಿದವರು ಬೇರೆ. ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನೇ ಮಾಡಿದರೆ ಅವರು ಇನ್ನೊಬ್ಬರ ಕಡೆ ಕೈತೋರಿಸುತ್ತಾರೆ. ಬಿಲ್ಲಿನ ಪ್ರತಿಯನ್ನು ನನಗೆ ಖಾಸಗಿ ಸಂದೇಶದಲ್ಲಿ ಕಳಿಸಿದರೆ ಕರಡು ಬರೆದುಕೊಡುತ್ತೇನೆ.